ಬೇಟೆಯ ಕಥೆ, ಬೇನೆಯ ಕಥೆ

ವಿಜ್ಞಾನವನ್ನು ಕಥೆಯಂತೆ ಹೇಳಬಲ್ಲವರು ಯಾವ ಭಾಷೆಯಲ್ಲಿಯೂ ವಿರಳ. ಪಾಲ್ ಡ ಕ್ರೈಫ್ ಅಂಥ ವಿರಳರಲ್ಲಿ ಒಬ್ಬರು. ಅವರ ‘ಮೈಕ್ರೋಬ್ ಹಂಟರ್ಸ್’ ಅಮೆರಿಕದಲ್ಲಿ 1926ರಲ್ಲಿ ಪ್ರಕಟವಾಯಿತು. ‘ಸೂಕ್ಷ್ಮಜೀವಿಗಳ ಬೇಟೆಗಾರರು’ ಎಂದು ಆ ಹೆಸರನ್ನು ಕನ್ನಡಿಸಬಹುದು. ಲೀವೆನ್‌ಹುಕ್‌ನ ಮಸೂರದಿಂದ ಎರ್ಲಿಕ್‌ನ ಔಷಧದವರೆಗೆ ಹನ್ನೆರಡು ಅಧ್ಯಾಯಗಳು. ಒಮ್ಮೆ ಕೈಗೆತ್ತಿಕೊಂಡರೆ ಕೆಳಗಿಡುವುದು ಕಷ್ಟ.

ಗ್ರಂಥಕರ್ತರು ಸ್ವತಃ ಸೂಕ್ಷ್ಮಜೀವಿ ವಿಜ್ಞಾನಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ದುಡಿದವರು. ಪ್ರಯೋಗಶಾಲೆಯ ವಾಸನೆ, ಅಲ್ಲಿಯ ಅಸೂಯೆ, ಆಸೆ, ನಿರಾಸೆಗಳನ್ನು ಬಲ್ಲವರು. ಆದ್ದರಿಂದಲೇ ಅವರ ಪಾಸ್ಚರ್, ಕಾಖ್ ಮೊದಲಾದವರು ಪಟದೊಳಗಿನ ಮಹಾಪುರುಷರಾಗದೆ ನಮ್ಮೆದುರು ನಡೆದಾಡುತ್ತಾರೆ. ರೊನಾಲ್ಡ್ ರಾಸ್‌ರ ಚಿತ್ರವಂತೂ ಎಷ್ಟು ಖಾರವಾಗಿತ್ತೆಂದರೆ ಬ್ರಿಟನ್ನಿನ ಆವೃತ್ತಿಯಲ್ಲಿ ಆ ಅಧ್ಯಾಯವನ್ನೇ ಕೈಬಿಡಬೇಕಾಯಿತು. ಇಷ್ಟೆಲ್ಲ ಮೆಚ್ಚತಕ್ಕದ್ದೇ.

ಆದರೆ ಈ ಗ್ರಂಥದ ಕೊರತೆ ಅದರ ಹೆಸರಿನಲ್ಲಿಯೇ ಇದೆ. ಬೇಟೆಯಲ್ಲಿ ಇಬ್ಬರೇ: ಬೇಟೆಗಾರ ಮತ್ತು ಮೃಗ. ಕಾಡು ಬರಿಯ ಹಿನ್ನೆಲೆ. ಸೋಂಕಿನಲ್ಲಿ ಆ ಕಾಡೆಂದರೆ ಮನುಷ್ಯದೇಹ. ಅದು ಹಿನ್ನೆಲೆಯಲ್ಲ, ಮುಖ್ಯ ಪಾತ್ರ. ದೇಹದ ರಕ್ಷಕ ಕಣಗಳನ್ನು ಕಂಡ ಮೆಚ್ನಿಕಾಫ್‌ಗೆ ಇಲ್ಲಿ ಒಂದು ಅಧ್ಯಾಯವೇನೋ ಉಂಟು. ಆದರೆ ಅವರ ವಿಚಾರಕ್ಕಿಂತ ಹುಚ್ಚಾಟಗಳೇ ನೆನಪಿನಲ್ಲಿ ಉಳಿಯುತ್ತವೆ.

ಒಂದು ಪ್ರಸಂಗವನ್ನು ಪರೀಕ್ಷಿಸೋಣ. ಕಾಲರಾಕ್ಕೆ ರೋಗಾಣುವೊಂದೇ ಕಾರಣವೆಂಬ ಕಾಖ್‌ರ ವಾದವನ್ನು ಒಪ್ಪದ ಮ್ಯೂನಿಕ್ಕಿನ ಪೆಟ್ಟೆನ್‌ಕೋಫರ್, 1892ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಆ ರೋಗಾಣುಗಳನ್ನು ಕುಡಿದುಬಿಟ್ಟರು. ಜಠರದ ಆಮ್ಲ ಅವುಗಳನ್ನು ಕೊಂದೀತೆಂದು ಸೋಡವನ್ನೂ ಬೆರೆಸಿಕೊಂಡಿದ್ದರು. ಆದದ್ದು ಸ್ವಲ್ಪ ಭೇದಿ ಮಾತ್ರ. ಡ ಕ್ರೈಫ್ ಇದನ್ನು ಒಗಟೆಂದು ಹೇಳಿ, ಮುದುಕನನ್ನು ನೋಡಿ ನಕ್ಕು, ಮುಂದೆ ಸಾಗುತ್ತಾರೆ. ಕಥೆ ನಿಲ್ಲಬೇಕಾದದ್ದು ಅಲ್ಲಿಯೇ ಅಲ್ಲವೆ? ಕುಡಿದ ರೋಗಾಣುಗಳ ಕಸುವು ಕುಂದಿದ್ದಿರಬಹುದು. ಹಿಂದೊಮ್ಮೆ ತಗುಲಿದ ಬೇನೆಯಿಂದ ಆ ದೇಹ ಪಾಠ ಕಲಿತಿದ್ದಿರಬಹುದು. ಪೆಟ್ಟೆನ್‌ಕೋಫರ್‌ರ ತೀರ್ಮಾನ ತಪ್ಪು. ಆದರೆ ರೋಗಾಣು ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲವೇಕೆ ಎಂಬ ಅವರ ಪ್ರಶ್ನೆ ಸರಿಯಾದದ್ದು.

ಮುಂದಿನ ಕಥೆ ನಮ್ಮ ದೇಶದ್ದು. ಕಲ್ಕತ್ತದ ಶಂಭುನಾಥ ಡೇ ಅವರು 1959ರಲ್ಲಿ, ಕಾಲರಾ ರೋಗಾಣುಗಳನ್ನು ಸೋಸಿ ತೆಗೆದ ದ್ರವವೂ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆಂದು ತೋರಿಸಿಕೊಟ್ಟರು. ರೋಗಾಣು ಮಾಂಸವನ್ನು ಕೊರೆಯುವುದಿಲ್ಲ. ಕರುಳಿನ ಗೋಡೆಗೆ ಅಂಟಿಕೊಂಡು ವಿಷವನ್ನು ಬಿಡುತ್ತದೆ. ಆ ವಿಷದ ಆಣತಿಗೆ ಕರುಳಿನ ಕಣಗಳು ದೇಹದ ಉಪ್ಪು ನೀರುಗಳನ್ನು ತಾವೇ ಹೊರಕ್ಕೆ ಸುರಿಯುತ್ತವೆ. ಬೇನೆ ಉಲ್ಬಣಿಸಿದರೆ ಗಂಟೆಗೆ ಒಂದು ಲೀಟರಿನಷ್ಟು! ರೋಗಿ ಸಾಯುವುದು ನೀರು ಬತ್ತಿ.

ಆದರೆ ಸಕ್ಕರೆಯ ಜೊತೆಯಲ್ಲಿ ಉಪ್ಪನ್ನು ಒಳಗೆಳೆದುಕೊಳ್ಳುವ ಕರುಳಿನ ಬಾಗಿಲನ್ನು ಈ ವಿಷ ಮುಚ್ಚಲಾರದು. ಬಾಂಗ್ಲಾದೇಶದ ಯುದ್ಧ ನಡೆದ 1971ರಲ್ಲಿ, ಬನ್‌ಗಾಂವ್‌ನ ನಿರಾಶ್ರಿತರ ನಡುವೆ ದಿಲೀಪ್ ಮಹಲನಬೀಸ್ ಅವರು ಆ ಬಾಗಿಲನ್ನೇ ನಂಬಿದರು. ನರಕ್ಕೆ ಕೊಡುವ ದ್ರವ ಸಾಲದಾದಾಗ ಉಪ್ಪು, ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇಲ್ಲಿ ಕೋವಿಯೂ ಇಲ್ಲ, ಸತ್ತ ಮೃಗವೂ ಇಲ್ಲ. ದೇಹಕ್ಕೆ ನೀರೆರೆದು ಕಾದುಕೊಂಡ ತಾಳ್ಮೆ ಮಾತ್ರ. 1926ರಲ್ಲಿ ಬರೆದವರು ಇದನ್ನೆಲ್ಲ ತಿಳಿದಿರಬೇಕಾಗಿತ್ತೆಂದು ನಾನು ಹೇಳುತ್ತಿಲ್ಲ. ಇಂಥದಕ್ಕೆ ಅವರ ಕಥೆಯ ಚೌಕಟ್ಟಿನಲ್ಲಿ ಎಡೆಯೇ ಇಲ್ಲವೆಂಬುದು ನನ್ನ ಆಕ್ಷೇಪ. ಆ ಚೌಕಟ್ಟು ಪುಸ್ತಕದೊಳಗೇ ಉಳಿಯುವುದಿಲ್ಲವಷ್ಟೆ. ಬೇನೆಯೆಂದರೆ ಕೊಲ್ಲಬೇಕಾದ ಹುಳು ಎಂದು ನಂಬಿದವರು ಬರಿಯ ನೆಗಡಿಗೂ ಆಂಟಿಬಯಾಟಿಕ್ ಬೇಡುತ್ತಾರೆ. ಭೇದಿ ಹತ್ತಿದ ಮಗುವಿಗೆ ಲೋಟ ನೀರು ಕುಡಿಸುವುದನ್ನು ಮರೆಯುತ್ತಾರೆ.

ಡ ಕ್ರೈಫ್‌ರ ಪುಸ್ತಕವನ್ನು ಓದಬೇಡಿ ಎನ್ನಲಾರೆ; ಅದರ ಲವಲವಿಕೆ ನಮ್ಮ ವಿಜ್ಞಾನ ಬರಹಕ್ಕೆ ಬರಬೇಕು. ಆದರೆ ಆ ಲವಲವಿಕೆಯನ್ನು ಬೇಟೆಗಾರನಿಗೆ ಮೀಸಲಿಡದೆ, ರೋಗಿಯ ಹಾಸಿಗೆಯ ಪಕ್ಕಕ್ಕೂ ಕೊಂಡೊಯ್ಯುವ ಲೇಖಕರು ಬೇಕು.