ಏಳು ಪ್ರಶ್ನೆಗಳ ಹಾಳೆ, ಬಸ್ಸು ಹತ್ತದ ಹಿರಿಯರು

ಮೂತ್ರರೋಗ ತಜ್ಞರು ಬಳಸುವ ಒಂದು ಹಾಳೆಯಿದೆ. ಒಂದಕ್ಕೆ ಹೋಗುವುದೇ ಕಷ್ಟವಾಗಿದೆ ಎಂದು ಬರುವ ಐವತ್ತು ದಾಟಿದ ಗಂಡಸಿಗೆ ಅದು ಏಳು ಪ್ರಶ್ನೆ ಕೇಳುತ್ತದೆ. ಹೋಗಿ ಬಂದ ಮೇಲೂ ಪೂರ್ತಿ ಖಾಲಿಯಾಗಿಲ್ಲ ಅನಿಸುತ್ತದೆಯೇ? ಎರಡು ಗಂಟೆಯೊಳಗೆ ಮತ್ತೆ ಹೋಗಬೇಕೇ? ನಿಂತು ನಿಂತು ಬರುತ್ತದೆಯೇ? ತಡೆದುಕೊಳ್ಳಲು ಆಗುವುದಿಲ್ಲವೇ? ಧಾರೆ ಸಣ್ಣಗಾಗಿದೆಯೇ? ತಿಣುಕಬೇಕೇ? ರಾತ್ರಿ ಎಷ್ಟು ಸಲ ಏಳುತ್ತೀರಿ? ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು 35. ಏಳರೊಳಗಿದ್ದರೆ ಸೌಮ್ಯ, 8ರಿಂದ 19 ಮಧ್ಯಮ, 20 ಮುಟ್ಟಿದರೆ ತೀವ್ರ. 1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘಕ್ಕಾಗಿ ಮೈಕೆಲ್ ಬ್ಯಾರಿ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಬದುಕಿನ ನೆಮ್ಮದಿಯ ಬಗೆಗಿನ ಎಂಟನೆಯ ಪ್ರಶ್ನೆಯೊಂದು ಸೇರಿಕೊಂಡು ಅದು ಅಂತರರಾಷ್ಟ್ರೀಯ ಪ್ರಾಸ್ಟೇಟ್ ಲಕ್ಷಣಗಳ ಅಂಕಪಟ್ಟಿಯಾಯಿತು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರ ಚಿಕಿತ್ಸೆಗೆ ಇಂದಿಗೂ ಜಗತ್ತಿನಾದ್ಯಂತ ಇದೇ ಅಳತೆಗೋಲು.

ಕೃತಿಯೊಂದನ್ನು ಓದುವ ಹಾಗೆಯೇ ಈ ಹಾಳೆಯನ್ನೂ ಓದಬಹುದು. ಇದಕ್ಕೆ ಕರ್ತೃಗಳಿದ್ದಾರೆ, ಅವರು ಮನಸ್ಸಿನಲ್ಲಿಟ್ಟುಕೊಂಡ ಒಬ್ಬ ರೋಗಿಯಿದ್ದಾನೆ, ಕೇಳದೆ ಬಿಟ್ಟ ಮಾತುಗಳೂ ಇವೆ. ನಾನು ಓದುತ್ತಿರುವುದು ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಹಿರಿಯರನ್ನು ಎದುರಿಗಿಟ್ಟುಕೊಂಡು. 1956ರ ನವೆಂಬರ್ 1ರ ತನಕ ಮೊದಲೆರಡು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯಾಚೆ ಹೋದ ಇವು ಈಗ ತೆಲಂಗಾಣದ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳಿಗೆ ಸೇರಿವೆ. ಇಲ್ಲಿ ಮನೆಯೊಳಗೆ ಕನ್ನಡ ಆಡುವ ಮುದುಕನಿಗೆ ಸಂತೆಯಲ್ಲಿ ತೆಲುಗು, ಉರ್ದು ಬೇಕು. ದವಾಖಾನೆಯ ಚೀಟಿಯಂತೂ ಇಂಗ್ಲಿಷಿನಲ್ಲೇ ಇರುತ್ತದೆ.

ಮೊದಲು ಹಾಳೆಯ ಗುಣ ಹೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟುಕೊಂಡದ್ದನ್ನು ಅದು ಲೆಕ್ಕಕ್ಕೆ ತರುತ್ತದೆ. ಹೆಂಡತಿಯ ಮುಂದೆಯೂ ಬಾಯಿ ಬಿಡದವನು ‘ಮೂರು’ ಎನ್ನಲು ಅಷ್ಟು ಸಂಕೋಚಪಡುವುದಿಲ್ಲ. ಖರ್ಚಿಲ್ಲ, ಸೂಜಿಯಿಲ್ಲ, ಬಟ್ಟೆ ಸಡಿಲಿಸಬೇಕಾಗಿಲ್ಲ. ಗುಳಿಗೆ ಶುರು ಮಾಡಿದ ಮೇಲೆ ಅಂಕ ಮೂರಾದರೂ ಇಳಿದಿದ್ದರೆ ರೋಗಿಗೇ ಸುಧಾರಣೆ ಗೊತ್ತಾಗುವ ಮಟ್ಟ ಅದು ಎಂದು ಬ್ಯಾರಿಯವರ ತಂಡವೇ ಮುಂದೆ ತೋರಿಸಿತು. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಗ್ರಂಥಿ ಬೆಳೆದಿರುತ್ತದೆ, ಆದರೆ ಎಲ್ಲರಿಗೂ ತ್ರಾಸ ಇರುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಕಂಡ ಗಾತ್ರಕ್ಕೂ ಅನುಭವಿಸುವ ಕಷ್ಟಕ್ಕೂ ತಾಳೆಯಾಗದು. ಗ್ರಂಥಿಯನ್ನು ಬಿಟ್ಟು ಮನುಷ್ಯನನ್ನು ಕೇಳಿ ಎಂದದ್ದೇ ಈ ಹಾಳೆಯ ದೊಡ್ಡಸ್ತಿಕೆ.

ಆದರೆ ಕೇಳುವ ರೀತಿ ನೋಡಿ. ‘ಐದು ಸಲದಲ್ಲಿ ಒಂದಕ್ಕಿಂತ ಕಡಿಮೆ’, ‘ಅರ್ಧಕ್ಕಿಂತ ಕಡಿಮೆ ಸಲ’, ‘ಸುಮಾರು ಅರ್ಧ ಸಲ’: ಆರರಲ್ಲಿ ಒಂದು ಉತ್ತರ ಆರಿಸಬೇಕು, ಅದೂ ಕಳೆದ ಒಂದು ತಿಂಗಳದ್ದು. ಶಾಲೆ ಕಾಣದ ರೈತನಿಗೆ ಇದು ಪರೀಕ್ಷೆಯಂತಾಗುತ್ತದೆ. ಹಾಗೆಂದು ಅವನಿಗೆ ಪಾಲಿನ ಲೆಕ್ಕ ಬಾರದೆಂದಲ್ಲ. ಕಾಯಿಲೆ ಎಷ್ಟು ಗುಣವಾಯಿತೆಂದು ಕೇಳಿದರೆ ‘ಎಂಟಾಣಿ ಆರಾಮ ಅದ’ ಎನ್ನುವ ಪೀಳಿಗೆ ಇದು. ರೂಪಾಯಿಯಲ್ಲಿ ಎಷ್ಟಾಣೆ ತ್ರಾಸ ಎಂದು ಕೇಳಿದರೆ ಅದೇ ರೈತ ಥಟ್ಟನೆ ಹೇಳುತ್ತಾನೆ. ದಕ್ಷಿಣ ಆಫ್ರಿಕದ ವೈದ್ಯರು 2011ರಲ್ಲಿ ಇನ್ನೊಂದು ದಾರಿ ತೋರಿಸಿದರು: ಚಿತ್ರಗಳ ಹಾಳೆ. ದಪ್ಪ ಧಾರೆಯಿಂದ ಹನಿಹನಿಯವರೆಗೆ ಚಿತ್ರಗಳ ಸಾಲು, ಹಗಲು ಇರುಳಿನ ಸಲಗಳು, ನಗುಮುಖದಿಂದ ಅಳುಮುಖದವರೆಗೆ ಇನ್ನೊಂದು ಸಾಲು. ಮನೆಮನೆಗೆ ಬಿಪಿ, ಶುಗರ್ ವಿಚಾರಿಸಲು ಬರುವ ಆಶಾ ಕಾರ್ಯಕರ್ತೆ ಊರಿನ ಸೊಸೆಯೋ ಮಗಳೋ ಆಗಿರುತ್ತಾಳೆ. ‘ಮುತ್ಯಾ, ಧಾರೆ ಹ್ಯಾಂಗ ಬರ್ತದ?’ ಎಂದು ಅವಳು ಕೇಳಲಾರಳು, ಕೇಳಿದರೂ ಮುತ್ಯಾ ಹೇಳಲಾರ. ಚಿತ್ರದ ಮೇಲೆ ಬೆರಳಿಡುವುದಕ್ಕೆ ಇಬ್ಬರಿಗೂ ಅಡ್ಡಿಯಿಲ್ಲ.

ಇದು ರೂಪದ ದೋಷ, ತಿದ್ದಬಹುದು. ಹೂರಣದ ದೋಷ ಬೇರೆ. ಮೂತ್ರ ಹೇಗೆ ಬರುತ್ತಿದೆ ಎಂದು ಹಾಳೆ ಕೇಳುತ್ತದೆ, ಅದರ ದೆಸೆಯಿಂದ ಏನೇನು ಬಿಟ್ಟಿದ್ದೀರಿ ಎಂದು ಕೇಳುವುದಿಲ್ಲ. ನಮ್ಮ ಕಡೆಯ ಹಿರಿಯರು ಈ ತೊಂದರೆಯೊಂದಿಗೆ ಏಗುವುದೇ ಬಿಡುವುದರ ಮೂಲಕ. ತಾಂಡೂರು ವಾಡಿ–ಸಿಕಂದರಾಬಾದ್ ರೈಲುಮಾರ್ಗದಲ್ಲಿದೆ. ಡಬ್ಬಿಯಲ್ಲಿ ಪಾಯಖಾನೆ ಇರುವುದರಿಂದ ಅಲ್ಲಿಯ ಮುದುಕ ಹೈದರಾಬಾದಿಗೆ ಹೋಗಿ ಬಂದಾನು. ಜಹೀರಾಬಾದಿಗೂ ಬೀದರದ ಕಡೆಯ ರೈಲುಂಟು. ನಾರಾಯಣಖೇಡಕ್ಕೆ ರೈಲೇ ಇಲ್ಲ, ಎಲ್ಲಿಗೆ ಹೊರಟರೂ ಬಸ್ಸು. ನಡುದಾರಿಯಲ್ಲಿ ಕಂಡಕ್ಟರನಿಗೆ ನಿಲ್ಲಿಸಪ್ಪಾ ಎನ್ನಬೇಕು, ಇಡೀ ಬಸ್ಸು ನೋಡುತ್ತಿರುವಾಗ ಇಳಿಯಬೇಕು, ಇಳಿದ ಮೇಲೆ ಅವಸರಕ್ಕೆ ಬಾರದೆ ಗೋಳಾಡಿಸುವ ಮೂತ್ರಕ್ಕಾಗಿ ಕಾಯಬೇಕು, ಮೇಲೆ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಒಮ್ಮೆ ಹೀಗಾದವನು ಮತ್ತೆ ಬಸ್ಸು ಹತ್ತುವುದಿಲ್ಲ. ಮೊದಲು ಮದುವೆ ತಪ್ಪುತ್ತದೆ, ಆಮೇಲೆ ಬೀದರದ ಮಗಳ ಮನೆ, ಕೊನೆಗೆ ದವಾಖಾನೆಯೇ ತಪ್ಪುತ್ತದೆ. ತಾಂಡೂರಿನವನಿಗೂ ನಾರಾಯಣಖೇಡದವನಿಗೂ ಅಂಕ ಹದಿನಾಲ್ಕೇ ಇರಬಹುದು, ಬದುಕು ಒಂದೇ ಅಲ್ಲ.

ಬಿಡುವುದರಲ್ಲಿ ಅತಿ ಕೆಟ್ಟದ್ದು ನೀರು. ಮುಂಜಾನೆ ಒಂದು ಚಹಾ ಕುಡಿದು ಮಧ್ಯಾಹ್ನದವರೆಗೆ ತುಟಿ ಒದ್ದೆ ಮಾಡದವನಿಗೆ ಹೋಗಬೇಕಾದ ಸಲಗಳು ಕಡಿಮೆಯಾಗುತ್ತವೆ, ಅಂಕವೂ ಇಳಿಯುತ್ತದೆ. ಹಾಳೆಯ ಪ್ರಕಾರ ಆತ ಸುಧಾರಿಸಿದ್ದಾನೆ. ಈ ಬಿಸಿಲುನಾಡಿನಲ್ಲಿ ಮೈಯೊಳಗೆ ನಡೆಯುವುದು ಬೇರೆ: ಮೂತ್ರ ಗಟ್ಟಿಯಾಗಿ ಮೂತ್ರಚೀಲವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕಿಗೂ ಹರಳಿಗೂ ಎಡೆಯಾಗುತ್ತದೆ, ಮಲಬದ್ಧತೆ ಸೇರಿ ಒಳಗಿನ ಒತ್ತಡ ಹೆಚ್ಚುತ್ತದೆ. ಹಗಲು ಸಾಕಷ್ಟು ಕುಡಿದು ಮಲಗುವ ಎರಡು ಮೂರು ತಾಸು ಮೊದಲು ಕಡಿಮೆ ಮಾಡುವುದು ಒಂದು ಕ್ರಮ; ದಿನವಿಡೀ ಬಾಯಾರಿ ಕೂರುವುದು ಅದರ ತದ್ವಿರುದ್ಧ. ಸಂಜೆಯ ಚಹಾ ಬಿಡುವುದು, ಒಮ್ಮೆ ಹೋದ ಮೇಲೆ ತುಸು ತಾಳಿ ಇನ್ನೊಮ್ಮೆ ಪ್ರಯತ್ನಿಸುವುದು, ಕೂತು ಮೂತ್ರ ಮಾಡುವುದು, ಇವು ನಿಜವಾಗಿ ನೆರವಾಗುತ್ತವೆ. ಕೂತರೆ ಚೀಲ ಹೆಚ್ಚು ಖಾಲಿಯಾಗುತ್ತದೆ ಎಂದು 2014ರಲ್ಲಿ ನೆದರ್ಲೆಂಡಿನ ಲೈಡನ್‌ನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿದರು. ಧೋತರ ಎತ್ತಿ ಕೂರುತ್ತಿದ್ದ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹಾಳೆಯ ಅಂಕ ಕಾರಣವನ್ನು ಹೇಳದು ಎಂಬುದನ್ನೂ ಮರೆಯುವಂತಿಲ್ಲ. ಶುಗರ್, ಸೋಂಕು, ಹರಳು, ಮೂತ್ರನಾಳ ಕಿರಿದಾಗುವುದು, ಸಂಜೆ ನುಂಗಿದ ಬಿಪಿಯ ನೀರಿಳಿಸುವ ಗುಳಿಗೆ, ಎಲ್ಲವೂ ಅದೇ ಅಂಕ ಕೊಡಬಲ್ಲವು. ರಾತ್ರಿ ನಾಲ್ಕು ಸಲ ಏಳುವವನ ದೋಷ ಪ್ರಾಸ್ಟೇಟಿನದ್ದೇ ಆಗಬೇಕಿಲ್ಲ. ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ ವಿಚಾರಿಸಬೇಕಾದದ್ದು ಹೃದಯ, ಕಾಲುಬಾವು, ನಿದ್ದೆ. ಒಂದು ಅಳತೆಯ ಡಬ್ಬಿ, ಮೂರು ದಿನದ ಬರಹ, ಇಷ್ಟರಿಂದ ತಿಳಿಯುವ ಸಂಗತಿ ಇದು. ರಕ್ತ ಬಂತೇ, ಅರಿವಿಲ್ಲದೆ ಹಾಸಿಗೆ ಒದ್ದೆಯಾಯಿತೇ ಎಂಬ ಎರಡು ಮಾತನ್ನೂ ಹಾಳೆ ಕೇಳುವುದಿಲ್ಲ. ಎರಡನೆಯದು ಚೀಲ ತುಂಬಿ ಉಕ್ಕುತ್ತಿರುವ, ಕಿಡ್ನಿಗೆ ಪೆಟ್ಟು ಬೀಳುತ್ತಿರುವ ಲಕ್ಷಣವಾಗಿರಬಹುದು.

ಏನು ನುಂಗುತ್ತಿದ್ದೀರಿ ಎಂದೂ ಅದು ಕೇಳದು. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಗುಳಿಗೆಯೇ ಕೆಲವರಲ್ಲಿ ಮೂತ್ರ ಪೂರ್ತಿ ಕಟ್ಟಿಸಿಬಿಡುತ್ತದೆ; ಆಗ ಬಾರ್ಲಿ ನೀರು ಕುಡಿಸುತ್ತ ಕೂಡದೆ ನೇರ ದವಾಖಾನೆಗೆ ಒಯ್ಯಬೇಕು. ಪ್ರಾಸ್ಟೇಟಿನ ತೊಂದರೆಗೇ ಕೊಡುವ ಟ್ಯಾಮ್ಸುಲೋಸಿನ್ ಗುಳಿಗೆ ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸುತ್ತದೆ, ಆದರೆ ಎದ್ದು ನಿಂತಾಗ ತಲೆ ತಿರುಗಿಸಬಹುದು. ಕತ್ತಲಲ್ಲಿ ಅಂಗಳ ದಾಟಬೇಕಾದವನಿಗೆ ಅದು ಸಣ್ಣ ಮಾತಲ್ಲ. ಕಣ್ಣಿನ ಪೊರೆಯ ಆಪರೇಷನ್ನಿನಲ್ಲಿ ಈ ಗುಳಿಗೆಯಿಂದ ಪಾಪೆಯ ಸುತ್ತಲಿನ ಪಟಲ ಸಡಿಲಾಗುವ ತೊಡಕು 2005ರಿಂದ ಗೊತ್ತಿದೆ. ತೆಲಂಗಾಣ 2018ರಿಂದ ಕಂಟಿ ವೆಲುಗು ಯೋಜನೆಯಲ್ಲಿ ಊರೂರಿಗೆ ಹೋಗಿ ಕಣ್ಣು ತಪಾಸಿಸಿತು. ಪೊರೆ ತೆಗೆಸಿಕೊಳ್ಳಲು ಹೋಗುವವರು ಮೂತ್ರದ ಗುಳಿಗೆಯ ಹೆಸರನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಗ್ರಂಥಿ ಕುಗ್ಗಿಸುವ ಫಿನಾಸ್ಟರೈಡ್‌ಗೆ ಆರು ತಿಂಗಳು ತಾಳ್ಮೆ ಬೇಕು. ತಿಂಗಳಿಗೇ ಗುಣವಿಲ್ಲವೆಂದು ಬಿಟ್ಟರೆ ದುಡ್ಡು ದಂಡ.

ಎಂಟನೆಯ ಪ್ರಶ್ನೆ ಹಾಳೆಯಲ್ಲೇ ಅತ್ಯುತ್ತಮ: ಉಳಿದ ಆಯುಷ್ಯವೆಲ್ಲ ಹೀಗೇ ಇದ್ದರೆ ನಿಮಗೆ ಹೇಗನಿಸುತ್ತದೆ? ಆದರೆ ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಒಪ್ಪಿಕೊಂಡವನು ಅದಕ್ಕೂ ‘ನಡೀತದ’ ಎನ್ನುತ್ತಾನೆ. ಸಹನೆಯನ್ನು ಹಾಳೆ ಸಮಾಧಾನವೆಂದು ಬರೆದುಕೊಳ್ಳುತ್ತದೆ. ಬೇಡಿಕೆಯೇ ಇಲ್ಲದವನಿಗೆ ಚಿಕಿತ್ಸೆಯೂ ಮುಂದಕ್ಕೆ ಹೋಗುತ್ತದೆ, ಕೊನೆಗೆ ಮೂತ್ರ ಕಟ್ಟಿ ಪೈಪ್ ಹಾಕಿಸಿಕೊಂಡ ರಾತ್ರಿಯೇ ಅವನ ಮೊದಲ ಭೇಟಿಯಾಗುತ್ತದೆ.

ಹಾಗಾಗಿ ಹಾಳೆಯನ್ನು ಎಸೆಯಬೇಕಾಗಿಲ್ಲ, ಅದರ ಬೆನ್ನಿಗೆ ಮೂರು ಪ್ರಶ್ನೆ ಬರೆಯಬೇಕು. ಇದರಿಂದಾಗಿ ಎಲ್ಲೆಲ್ಲಿಗೆ ಹೋಗುವುದನ್ನು ಬಿಟ್ಟಿದ್ದೀರಿ? ದಿನಕ್ಕೆ ಎಷ್ಟು ಗ್ಲಾಸು ನೀರು ಕುಡಿಯುತ್ತೀರಿ? ರಾತ್ರಿ ಎದ್ದರೆ ಎಷ್ಟು ದೂರ ನಡೆಯಬೇಕು? ಮೊದಲನೆಯದಕ್ಕೆ ಉದ್ದ ಉತ್ತರ ಕೊಟ್ಟವನ ಅಂಕ ಆರೇ ಇದ್ದರೂ ಅವನನ್ನು ಸೌಮ್ಯದ ಸಾಲಿಗೆ ಸೇರಿಸಿ ಕಳಿಸಬಾರದು. ಚಿಕಿತ್ಸೆ ಫಲಿಸಿತೇ ಎಂಬುದಕ್ಕೂ ಇದೇ ಒರೆಗಲ್ಲು: ಅಂಕ ಎಷ್ಟು ಇಳಿಯಿತು ಎಂಬುದರ ಜೊತೆಗೆ, ನಾರಾಯಣಖೇಡದ ಆ ಹಿರಿಯ ನೀರು ಕುಡಿದೇ ಬಸ್ಸು ಹತ್ತಿದನೇ ಎಂದೂ ಕೇಳಬೇಕು.