ಎಲೆಯೊಳಗಿನ ಶಿಲೀಂಧ್ರ ಹಸಿದಿದೆಯೆ?

ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಹಾಗೆಂದು, ಅಂಗಳ ಒದ್ದೆಯಾಗಿದ್ದರೆ ಮಳೆ ಬಂದಿದೆ ಎನ್ನಬಹುದೆ? ರಂಗೋಲಿ ಹಾಕುವ ಮುನ್ನ ಯಾರೋ ನೀರು ಚಿಮುಕಿಸಿರಬಹುದು. ಇದು ತರ್ಕದ ಮೊದಲ ಪಾಠ. ಆದರೂ ಜೀನ್‌ಗಳ ಚಟುವಟಿಕೆಯನ್ನು ಅರ್ಥೈಸುವಾಗ ಈ ಪಾಠ ಮರೆತುಹೋಗುವುದುಂಟು. ಟೊಮೇಟೊ ಗಿಡದ ಒಂದು ರೋಗಕಾರಕ ಶಿಲೀಂಧ್ರವನ್ನು ಕುರಿತ ವಾದವೊಂದನ್ನು ಇಲ್ಲಿ ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಶಿಲೀಂಧ್ರದ ಹೆಸರು ಕ್ಲಾಡೊಸ್ಪೋರಿಯಮ್ ಫಲ್ವಮ್. ಈಚಿನ ಬರಹಗಳಲ್ಲಿ ಇದನ್ನು ಫಲ್ವಿಯ ಫಲ್ವ ಎಂದೂ ಕರೆಯುತ್ತಾರೆ. ತೇವ ಹೆಚ್ಚಿರುವ ಗಾಜಿನ ಮನೆ, ಪಾಲಿಹೌಸ್‌ಗಳಲ್ಲಿ ಇದು ಎಲೆ ಬೂಷ್ಟು ರೋಗವನ್ನು ತರುತ್ತದೆ. ಎಲೆಯ ಮೇಲ್ಭಾಗದಲ್ಲಿ ತಿಳಿಹಳದಿ ಮಚ್ಚೆ, ಅದರ ಕೆಳಬದಿಯಲ್ಲಿ ಕಂದು ಛಾಯೆಯ ಬೂಷ್ಟು ಇದರ ಗುರುತು. ಶಿಲೀಂಧ್ರದ ಎಳೆಗಳು ಪತ್ರರಂಧ್ರದ ಮೂಲಕ ಒಳಹೊಕ್ಕು, ಸಸ್ಯದ ಕೋಶಗಳನ್ನು ಭೇದಿಸದೆ ಅವುಗಳ ನಡುವಣ ತೆರವಿನಲ್ಲಿ ಬೆಳೆಯುತ್ತವೆ. ಈ ತೆರವಿಗೆ ಅಪೊಪ್ಲಾಸ್ಟ್ ಎಂದು ಹೆಸರು. ಶಿಲೀಂಧ್ರಕ್ಕೆ ಬೇಕಾದ ಆಹಾರವೆಲ್ಲ ಅಲ್ಲಿನ ದ್ರವದಿಂದಲೇ ದೊರೆಯಬೇಕು.

ಈ ಶಿಲೀಂಧ್ರದ ಏವಿಆರ್9 ಎಂಬ ಜೀನನ್ನು 1991ರಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಪಿಯರ್ ಡಿ ವಿಟ್ ಅವರ ತಂಡ ಬೇರ್ಪಡಿಸಿತು. ಶಿಲೀಂಧ್ರವೊಂದರಿಂದ ಹೀಗೆ ಬೇರ್ಪಡಿಸಿದ ಮೊದಲ 'ಅರೋಗಕಾರಕ' ಜೀನ್ ಇದು. ಇದು ತಯಾರಿಸುವ ಪ್ರೋಟೀನು ಕೊನೆಗೆ 28 ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡ್ ಆಗಿ ಉಳಿಯುತ್ತದೆ. ಸಿಎಫ್9 ಎಂಬ ನಿರೋಧಕ ಜೀನ್ ಉಳ್ಳ ಟೊಮೇಟೊ ಗಿಡ ಈ ಪೆಪ್ಟೈಡನ್ನು ಗುರುತಿಸಿ, ಸೋಂಕು ತಗುಲಿದ ಜಾಗದ ತನ್ನದೇ ಕೋಶಗಳನ್ನು ಕೊಂದು ಶಿಲೀಂಧ್ರವನ್ನು ತಡೆಯುತ್ತದೆ.

ವಾದ ಹುಟ್ಟಿದ ಬಗೆ

ಪೋಷಕಗಳು ಸಮೃದ್ಧವಾಗಿರುವ ಕೃತಕ ಮಾಧ್ಯಮದಲ್ಲಿ ಬೆಳೆಸಿದಾಗ ಏವಿಆರ್9 ಸುಮ್ಮನಿರುತ್ತದೆ. ಎಲೆಯೊಳಗೆ ಅದು ಬಹಳ ಚುರುಕು. ಈ ವ್ಯತ್ಯಾಸಕ್ಕೆ ಕಾರಣವೇನು? 1994ರಲ್ಲಿ ಅದೇ ತಂಡ ಉತ್ತರವೊಂದನ್ನು ಮುಂದಿಟ್ಟಿತು. ಮಾಧ್ಯಮದಲ್ಲಿ ನೈಟ್ರೊಜನ್ (ಸಾರಜನಕ) ಕಡಿಮೆ ಮಾಡಿದರೆ ಏವಿಆರ್9 ಎಚ್ಚರಗೊಳ್ಳುತ್ತದೆ. ಅಷ್ಟೇ ಅಲ್ಲ, ಬೇರೆ ಬೂಷ್ಟುಗಳಲ್ಲಿ ನೈಟ್ರೊಜನ್ ಕೊರತೆಗೆ ಸ್ಪಂದಿಸುವ ನಿಯಂತ್ರಕ ಪ್ರೋಟೀನುಗಳು ಅಂಟಿಕೊಳ್ಳುವಂಥ ಡಿಎನ್ಎ ಗುರುತುಗಳು ಈ ಜೀನಿನ ಮುಂಭಾಗದಲ್ಲೂ ಇವೆ.

ಪ್ರಯೋಗ ಅಚ್ಚುಕಟ್ಟಾಗಿತ್ತು. ಭತ್ತದ ಬೆಂಕಿರೋಗದ ಶಿಲೀಂಧ್ರದಲ್ಲಿಯೂ ಎಂಪಿಜಿ1 ಎಂಬ ಜೀನ್ ಪೋಷಕಗಳ ಕೊರತೆಯಿಂದ ಸಕ್ರಿಯವಾಗುತ್ತದೆಂದು 1993ರಲ್ಲಿ ವರದಿಯಾಗಿತ್ತು. ಇವೆರಡನ್ನೂ ಕೂಡಿಸಿದಾಗ ಆಕರ್ಷಕವಾದ ಚಿತ್ರವೊಂದು ಮೂಡಿತು: ಎಲೆಯೊಳಗೆ ಶಿಲೀಂಧ್ರ ನೈಟ್ರೊಜನ್ ಇಲ್ಲದೆ ಹಸಿದಿರುತ್ತದೆ, ಆ ಹಸಿವೇ ಅದರ ರೋಗಕಾರಕ ಜೀನ್‌ಗಳನ್ನು ಎಬ್ಬಿಸುತ್ತದೆ. ಸರಳವಾಗಿದ್ದುದರಿಂದ ಇದು ಬೇಗ ಹರಡಿತು. ನಮ್ಮ ಆಕ್ಷೇಪ ಪ್ರಯೋಗದ ಬಗ್ಗೆ ಅಲ್ಲ, ಈ ಚಿತ್ರದ ಬಗ್ಗೆ.

ಮೂರು ಆಕ್ಷೇಪಗಳು

ಮೊದಲನೆಯದಾಗಿ, ಹಸಿವನ್ನು ಯಾರೂ ಅಳೆದಿರಲಿಲ್ಲ. ಜೀನಿನ ಚಟುವಟಿಕೆಯಿಂದ ಅದನ್ನು ಊಹಿಸಲಾಗಿತ್ತು. 2001ರಲ್ಲಿ ಸಾಲೊಮನ್ ಮತ್ತು ಆಲಿವರ್ ಅಪೊಪ್ಲಾಸ್ಟ್ ದ್ರವವನ್ನು ಪರೀಕ್ಷಿಸಿದರು. ಸೋಂಕು ಮುಂದುವರಿದಂತೆ ಅದರಲ್ಲಿನ ನೈಟ್ರೊಜನ್ ಅಂಶ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು! ಮುಖ್ಯವಾಗಿ 'ಗಾಬಾ' ಎಂಬ ಅಮೈನೊ ಆಮ್ಲ ಮಿಲಿಮೋಲಾರ್ ಮಟ್ಟಕ್ಕೆ ಏರಿತ್ತು. ಇದು ಶಿಲೀಂಧ್ರಕ್ಕೆ ನೈಟ್ರೊಜನ್ನಿನ ಪ್ರಮುಖ ಆಕರವೆಂಬುದಕ್ಕೆ ಮರುವರ್ಷ ಅವರೇ ಪುರಾವೆ ಒದಗಿಸಿದರು. ಮನೆಯ ತುಂಬ ಅನ್ನವಿದ್ದರೆ ಅತಿಥಿ ಹಸಿದಿದ್ದಾನೆ ಎನ್ನುವುದು ಕಷ್ಟ.

ಎರಡನೆಯದಾಗಿ, ಒಂದು ಜೀನನ್ನು ಎಬ್ಬಿಸಲು ಒಂದಕ್ಕಿಂತ ಹೆಚ್ಚು ದಾರಿಗಳಿರಬಹುದು. 2001ರಲ್ಲಿ ಡಿ ವಿಟ್ ಅವರ ತಂಡವೇ ನೈಟ್ರೊಜನ್ ಕೊರತೆಗೆ ಸ್ಪಂದಿಸುವ ಎನ್ಆರ್‌ಎಫ್1 ಎಂಬ ನಿಯಂತ್ರಕ ಜೀನನ್ನು ಕೆಡಿಸಿ ನೋಡಿತು. ನೈಟ್ರೊಜನ್ ಇಲ್ಲದ ಮಾಧ್ಯಮದಲ್ಲಿ ಏವಿಆರ್9 ಏಳಲಿಲ್ಲ. ಆದರೆ ಆ ಶಿಲೀಂಧ್ರವನ್ನು ಸಿಎಫ್9 ಗಿಡಕ್ಕೆ ಸೋಂಕಿಸಿದಾಗ ಗಿಡ ಅದನ್ನು ತಡೆಯಿತು. ಅಂದರೆ ಎಲೆಯೊಳಗೆ ಏವಿಆರ್9 ಪೆಪ್ಟೈಡ್ ಇನ್ನೂ ತಯಾರಾಗುತ್ತಿತ್ತು. ತಟ್ಟೆಯಲ್ಲಿ ಕಂಡ ದಾರಿ ಮುಚ್ಚಿದ್ದರೂ ಎಲೆಯಲ್ಲಿ ಬೇರೊಂದು ದಾರಿ ತೆರೆದಿತ್ತು. ತಮ್ಮ ಹಿಂದಿನ ವಿವರಣೆಯ ಮಿತಿಯನ್ನು ತಾವೇ ತೋರಿಸಿದ ಪ್ರಾಮಾಣಿಕತೆ ಇಲ್ಲಿ ಮೆಚ್ಚತಕ್ಕದ್ದು.

ಮೂರನೆಯದಾಗಿ, ಒಂದು ಜೀನಿನ ವರ್ತನೆಯನ್ನು ಎಲ್ಲ ಜೀನ್‌ಗಳಿಗೂ ಅನ್ವಯಿಸಲಾಯಿತು. 2006ರಲ್ಲಿ ಥಾಮ್ಮ ಮತ್ತು ಸಂಗಡಿಗರು ಈ ಶಿಲೀಂಧ್ರದ ಇತರ 'ಎಫೆಕ್ಟರ್' ಜೀನ್‌ಗಳನ್ನು, ಅಂದರೆ ಸೋಂಕಿಗೆ ನೆರವಾಗುವ ಪ್ರೋಟೀನುಗಳ ಜೀನ್‌ಗಳನ್ನು, ಪರೀಕ್ಷಿಸಿದರು. ಎಲೆಯೊಳಗೂ ಏವಿಆರ್9ರ ಮೇಲೆ ನೈಟ್ರೊಜನ್ನಿನ ಹಿಡಿತವಿದೆ. ಉಳಿದ ಎಫೆಕ್ಟರ್ ಜೀನ್‌ಗಳ ಮೇಲೆ ಇಲ್ಲ ಎಂಬುದು ಅವರ ತೀರ್ಮಾನ. ಆದ್ದರಿಂದ ನೈಟ್ರೊಜನ್ ಮತ್ತು ಏವಿಆರ್9ರ ಸಂಬಂಧವನ್ನು ಅಲ್ಲಗಳೆಯುವಂತಿಲ್ಲ. ಬಿದ್ದುಹೋದದ್ದು ಹಸಿವೇ ರೋಗದ ಸಾಮಾನ್ಯ ಸಂಕೇತವೆಂಬ ಹೇಳಿಕೆ.

ಚುರುಕಾಗಿದ್ದರೆ ಅಗತ್ಯವೆ?

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ರೋಗದ ಸಮಯದಲ್ಲಿ ಬಹಳ ಸಕ್ರಿಯವಾಗಿರುವ ಜೀನ್ ರೋಗಕ್ಕೆ ಅನಿವಾರ್ಯವೆಂದು ವಿದ್ಯಾರ್ಥಿಗಳು ಸಹಜವಾಗಿ ಭಾವಿಸುತ್ತಾರೆ. 1993ರಲ್ಲಿ ಏವಿಆರ್9 ಜೀನನ್ನೇ ತೆಗೆದುಹಾಕಿದಾಗ ಶಿಲೀಂಧ್ರ ದುರ್ಬಲವಾಗಲಿಲ್ಲ. ಬದಲಿಗೆ ಸಿಎಫ್9 ಗಿಡದ ಕಣ್ತಪ್ಪಿಸಿ ಅದಕ್ಕೂ ರೋಗ ತಂದಿತು. ನಿಸರ್ಗದಲ್ಲೂ ಸಿಎಫ್9ಅನ್ನು ಮೀರಿದ ತಳಿಗಳು ಈ ಜೀನನ್ನು ಪೂರ್ತಿಯಾಗಿ ಕಳೆದುಕೊಂಡಿವೆ.

ಇದಕ್ಕೆ ಪ್ರತಿಯಾಗಿ, ಜೀನ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎನ್ನಲಾಗದು. 2012ರಲ್ಲಿ ಇದರ ಜೀನೋಮ್ ಪ್ರಕಟವಾಯಿತು, ಸುಮಾರು 6.1 ಕೋಟಿ ಪ್ರತ್ಯಾಮ್ಲ ಜೋಡಿಗಳು. ಪೈನ್ ಮರಕ್ಕೆ ರೋಗ ತರುವ ಇದರ ಹತ್ತಿರದ ಬಂಧುವಿನಲ್ಲಿ ಇರುವುದು ಅದರ ಅರ್ಧದಷ್ಟು. ಆ ಬಂಧುವು ಬಳಸುವ ವಿಷದ ಜೀನ್‌ಗಳು ಟೊಮೇಟೊ ಶಿಲೀಂಧ್ರದಲ್ಲೂ ಇವೆ. ಆದರೆ ಎಲೆಯೊಳಗೆ ಅವು ಮೌನವಾಗಿರುತ್ತವೆ.

ಹೊಲಕ್ಕೆ ಏನು ಸಂಬಂಧ?

ಇದು ಪ್ರಯೋಗಾಲಯದ ಜಗಳವಷ್ಟೇ ಅಲ್ಲ. 'ಹಸಿವೇ ರೋಗಕಾರಕ ಜೀನ್‌ಗಳನ್ನು ಎಬ್ಬಿಸುತ್ತದೆ' ಎಂದು ಒಪ್ಪಿದರೆ, ಹೆಚ್ಚು ಸಾರಜನಕ ಗೊಬ್ಬರ ಹಾಕಿದರೆ ರೋಗ ತಗ್ಗುತ್ತದೆಂದು ಯಾರಾದರೂ ಮುಂದಿನ ಹೆಜ್ಜೆ ಇಡಬಹುದು. 2000ದಲ್ಲಿ ಹಾಫ್ಲಂಡ್ ಮತ್ತು ಸಹೋದ್ಯೋಗಿಗಳು ಟೊಮೇಟೊದಲ್ಲೇ ಇದನ್ನು ಪರೀಕ್ಷಿಸಿದರು. ನೈಟ್ರೊಜನ್ ಹೆಚ್ಚಿದಂತೆ ಬೂದಿರೋಗವೂ ಸ್ಯೂಡೊಮೊನಾಸ್ ಬ್ಯಾಕ್ಟೀರಿಯದ ರೋಗವೂ ಹೆಚ್ಚಿದವು. ಫ್ಯುಸೇರಿಯಮ್ ಸೊರಗು ರೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗಕಾರಕ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದು ಜೀನಿನ ಕಥೆಯಿಂದ ಗೊಬ್ಬರದ ಸಲಹೆ ನೀಡಲಾಗದು.

ಅಧ್ಯಾಪಕರು ತರಗತಿಯಲ್ಲಿ ಇಂಥ ವರದಿಯನ್ನು ಚರ್ಚಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಸಬಹುದು. ಜೀನ್ ಎಲ್ಲಿ ಸಕ್ರಿಯವಾಗಿತ್ತು, ತಟ್ಟೆಯಲ್ಲೋ ಎಲೆಯಲ್ಲೋ? ಕಾರಣವೆಂದು ಹೇಳಿದ್ದನ್ನು ನೇರವಾಗಿ ಅಳೆದರೆ? ಜೀನನ್ನು ತೆಗೆದಾಗ ಏನಾಯಿತು? ಎಷ್ಟು ಜೀನ್‌ಗಳನ್ನು ನೋಡಿ ಈ ಮಾತು ಹೇಳಲಾಯಿತು? ಒಂದೇ ಬಾರಿಗೆ ಸಾವಿರಾರು ಜೀನ್‌ಗಳ ಚಟುವಟಿಕೆಯನ್ನು ಅಳೆಯುವ ಉಪಕರಣಗಳು ಇಂದು ಇವೆ. ಒದ್ದೆಯಾದ ಅಂಗಳಗಳ ಪಟ್ಟಿ ಉದ್ದವಾಗಿದೆ. ಪ್ರತಿ ಅಂಗಳಕ್ಕೂ ಮಳೆಯೇ ಕಾರಣವೆ ಎಂದು ನೋಡುವ ಕೆಲಸವನ್ನು ಯಾವ ಉಪಕರಣವೂ ನಮಗಾಗಿ ಮಾಡಿಕೊಡುವುದಿಲ್ಲ.