ಸಣ್ಣ ಪ್ಯಾಕೆಟ್‌ಗಳಿಗೊಂದು ಸರಳ ನಿಯಮ

ಜಾಲದಲ್ಲಿ ಮಾಹಿತಿಯು ಪ್ಯಾಕೆಟ್‌ ಎಂಬ ತುಂಡುಗಳಾಗಿ ಸಾಗುತ್ತದೆ. ಪ್ರತಿಯೊಂದಕ್ಕೂ ವಿಳಾಸ, ಕ್ರಮಸಂಖ್ಯೆ ಮೊದಲಾದ ವಿವರಗಳ ಹೆಡರ್‌ ಅಂಟಿಕೊಂಡಿರುವುದರಿಂದ, ತುಂಡು ಚಿಕ್ಕದಾದಷ್ಟೂ ಪ್ರತಿ ಸೆಕೆಂಡಿಗೆ ತಲುಪುವ ನಿಜವಾದ ಮಾಹಿತಿಯ ಪ್ರಮಾಣ, ಅಂದರೆ ಥ್ರೂಪುಟ್‌, ಕುಗ್ಗುತ್ತದೆ. ದೂರದ ಕಂಪ್ಯೂಟರಿಗೆ ಕೀಲಿಮಣೆಯಿಂದ ಒಂದೊಂದೇ ಅಕ್ಷರ ಕಳುಹಿಸುವಾಗ 1 ಬೈಟ್‌ ಮಾಹಿತಿಯೊಡನೆ 40 ಬೈಟ್‌ಗಳ ಹೆಡರ್‌ ಸಾಗಬೇಕಾಗುತ್ತಿದ್ದುದು ಇದರ ಅತಿರೇಕದ ನಿದರ್ಶನ. 1984ರಲ್ಲಿ ಅಮೆರಿಕದ ಫೋರ್ಡ್ ಏರೋಸ್ಪೇಸ್‌ ಸಂಸ್ಥೆಯಲ್ಲಿದ್ದ ಜಾನ್ ನೇಗಲ್ ಸೂಚಿಸಿದ ಪರಿಹಾರ ಬೆರಗು ಹುಟ್ಟಿಸುವಷ್ಟು ಸರಳ: ಹಿಂದೆ ಕಳುಹಿಸಿದ್ದು ತಲುಪಿತೆಂಬ ಸ್ವೀಕೃತಿ ಇನ್ನೂ ಬಾರದಿದ್ದರೆ, ಹೊಸ ತುಣುಕುಗಳನ್ನು ಕೂಡಿಟ್ಟುಕೊಂಡು, ಸ್ವೀಕೃತಿ ಬಂದೊಡನೆ ಅಥವಾ ಪೂರ್ಣ ಗಾತ್ರದ ಪ್ಯಾಕೆಟ್‌ ತುಂಬಿದೊಡನೆ ಒಟ್ಟಾಗಿ ಕಳುಹಿಸಬೇಕು. ಇದರ ಸೊಗಸಿರುವುದು ನಿಗದಿತ ಕಾಲಾವಧಿಯನ್ನೇ ಅವಲಂಬಿಸದಿರುವುದರಲ್ಲಿ: ವೇಗದ ಜಾಲದಲ್ಲಿ ಸ್ವೀಕೃತಿ ಬೇಗ ಬರುವುದರಿಂದ ಕಾಯುವಿಕೆ ಅಷ್ಟಾಗಿ ತಿಳಿಯದು, ನಿಧಾನದ ಜಾಲದಲ್ಲಿ ಅದು ತಡವಾಗುವುದರಿಂದ ಹೆಚ್ಚು ಅಕ್ಷರಗಳು ಒಂದೇ ಹೆಡರಿನಡಿ ಕೂಡಿಕೊಳ್ಳುತ್ತವೆ. ಸ್ವೀಕೃತಿಯನ್ನು ಬೇಕೆಂದೇ ತಡೆಹಿಡಿಯುವ ಇನ್ನೊಂದು ವ್ಯವಸ್ಥೆಯೊಂದಿಗೆ ಇದು ಸೇರಿದಾಗ ವಿಳಂಬ ಉಂಟಾಗುವುದರಿಂದ, ತತ್‌ಕ್ಷಣದ ಸ್ಪಂದನ ಬಯಸುವ ತಂತ್ರಾಂಶಗಳು ಇದನ್ನು ನಿಷ್ಕ್ರಿಯಗೊಳಿಸುವುದುಂಟು. ಆದರೂ ಜಾಲದ ವೇಗವನ್ನು ಅಳೆಯದೆಯೇ ಅದಕ್ಕೆ ತಾನಾಗಿ ಹೊಂದಿಕೊಳ್ಳುವ ಈ ನಿಯಮವು, ಕನಿಷ್ಠ ಸಾಧನದಿಂದ ಗರಿಷ್ಠ ಫಲ ಪಡೆಯುವ ಎಂಜಿನಿಯರಿಂಗ್‌ ಕೌಶಲಕ್ಕೆ ಉತ್ತಮ ಮಾದರಿಯಾಗಿದೆ.